ಮರೆಹೊಕ್ಕವನನ್ನು ಒಪ್ಪಿಸದ ಕಂಪಿಲರಾಯ: ಆಕ್ಷೇಪಗಳಿಗೆ ಪ್ರತ್ಯುತ್ತರ

ಕಂಪಿಲಿ ರಾಜ್ಯದ ಅರಸ ಕಂಪಿಲರಾಯನ ಹೆಸರೆತ್ತಿದರೆ ಹೊಸಪೇಟೆ, ಕಂಪ್ಲಿ, ಸಂಡೂರು ಸೀಮೆಯಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತವೆ. ದಿಲ್ಲಿಯವರ ದಾಯಾದಿ ಜಗಳವನ್ನು ಮೈಮೇಲೆ ಎಳೆದುಕೊಂಡು ರಾಜ್ಯ ಕಳೆದುಕೊಂಡ ಅವಿವೇಕಿ ಎನ್ನುವುದು ಒಂದು. ಮತಕ್ಕಾಗಿ ಕಾದಾಡಿ ಮಡಿದ ವೀರ ಎನ್ನುವುದು ಇನ್ನೊಂದು. ಬೈಯುವವರು, ಹೊಗಳುವವರು ಇಬ್ಬರೂ ನಡೆದದ್ದನ್ನು ಬಿಟ್ಟು ಮಾತನಾಡುತ್ತಿದ್ದಾರೆ ಎಂಬುದು ನನ್ನ ವಾದ. ಗಡಿರಾಜ್ಯವೊಂದು ಅತ್ತ ದರಿ ಇತ್ತ ಪುಲಿ ಎನ್ನುವ ಸ್ಥಿತಿಯಲ್ಲಿ ಸಿಕ್ಕಿ, ಯಾರ ಪರ ನಿಲ್ಲಬೇಕೆಂದು ತೀರ್ಮಾನಿಸಬೇಕಾಗಿ ಬಂದ ಸಂದರ್ಭ ಅದು. ಆ ತೀರ್ಮಾನವನ್ನು ನಾನು ಸಮರ್ಥಿಸುತ್ತೇನೆ. ಅದಕ್ಕೆ ಮೊದಲು ನಡೆದದ್ದೇನು ಎಂಬುದನ್ನು ಚುಟುಕಾಗಿ ಹೇಳಿಬಿಡುತ್ತೇನೆ.

1325ರಲ್ಲಿ ದಿಲ್ಲಿಯ ಸುಲ್ತಾನ ಘಿಯಾಸುದ್ದೀನ್ ತುಘಲಕ್ ಮರದ ಮಂಟಪ ಕುಸಿದು ಸತ್ತ. ಮಗ ಮಹಮ್ಮದ್ ಬಿನ್ ತುಘಲಕ್ ಗದ್ದುಗೆ ಏರಿದ. ಘಿಯಾಸುದ್ದೀನನ ಸೋದರಳಿಯ ಬಹಾವುದ್ದೀನ್ ಗುರ್ಷಾಸ್ಪ್ ಆಗ ಸಗರದ ಅಧಿಕಾರಿ; ಆ ಸಗರ ಇಂದಿನ ಯಾದಗಿರಿ ಜಿಲ್ಲೆಯಲ್ಲಿದೆ. ಮಾವನಿಗೆ ತಲೆಬಾಗಿದ್ದವನು ಮಾವನ ಮಗನಿಗೆ ತಲೆಬಾಗಲು ಒಪ್ಪಲಿಲ್ಲ, ಬಂಡೆದ್ದ. ದಿಲ್ಲಿಯ ಸೇನೆ ದೇವಗಿರಿಯ ಕಡೆ ನಡೆದ ಕಾಳಗದಲ್ಲಿ ಅವನನ್ನು ಸೋಲಿಸಿತು. ಅವನು ಸಗರಕ್ಕೆ ಓಡಿ, ಹೆಂಡತಿ ಮಕ್ಕಳನ್ನು ಕೂಡಿಕೊಂಡು, ಕೃಷ್ಣೆ ದಾಟಿ ತುಂಗಭದ್ರೆಯ ಕಡೆ ಬಂದು ಕಂಪಿಲರಾಯನ ಮರೆಹೊಕ್ಕ. ರಾಯ ಅವನನ್ನು ಇರಿಸಿಕೊಂಡ. ಬೆನ್ನಟ್ಟಿ ಬಂದ ಸೇನೆಯನ್ನು ಕುಮ್ಮಟದುರ್ಗ ಎರಡು ಸಲ ಹಿಮ್ಮೆಟ್ಟಿಸಿತೆಂದು ಆ ಕಾಲದ ಪಾರಸಿ ಚರಿತ್ರೆಕಾರ ಇಸಾಮಿ ಬರೆಯುತ್ತಾನೆ. ಮೂರನೆಯ ಸಲ ಕುಮ್ಮಟ ಬಿತ್ತು. ರಾಯ ಹೊಸಮಲೆದುರ್ಗಕ್ಕೆ ಸರಿದ. ಕೋಟೆಯಲ್ಲಿ ಕಾಳುಕಡಿ ಮುಗಿದಾಗ ಅತಿಥಿಯನ್ನೂ ಅವನ ಮನೆಯವರನ್ನೂ ದ್ವಾರಸಮುದ್ರದ ಹೊಯ್ಸಳ ಅರಸ ವೀರಬಲ್ಲಾಳನ ಕಡೆಗೆ ಕಳಿಸಿಕೊಟ್ಟ. ಆಮೇಲೆ ಅರಮನೆಯ ಹೆಂಗಸರು ಬೆಂಕಿಗೆ ಬಿದ್ದರು. ರಾಯ ತನ್ನವರೊಡನೆ ಹೊರಬಿದ್ದು ಕಾದಾಡಿ ಸತ್ತ. ಬಲ್ಲಾಳ ಗುರ್ಷಾಸ್ಪನನ್ನು ಹಿಡಿದು ದಿಲ್ಲಿಯವರಿಗೆ ಒಪ್ಪಿಸಿದ. ಇದಿಷ್ಟೂ 1327ರ ಹೊತ್ತಿಗೆ ಮುಗಿದುಹೋಯಿತು.

ಇನ್ನು ಆಕ್ಷೇಪಗಳಿಗೆ ಬರುತ್ತೇನೆ.

ಮೊದಲ ಆಕ್ಷೇಪ: ಕಂಪಿಲಿ ರಾಜ್ಯವೇ ಅಲ್ಲ, ಒಂದು ಪಾಳೆಯಪಟ್ಟು. ಕೊಳ್ಳೆಹೊಡೆದು ಬದುಕುವ ನಾಯಕನೊಬ್ಬನ ನಡೆಗೆ ರಾಜನೀತಿಯ ಗೌರವವೇಕೆ?

ಈ ಮಾತು ಹೇಳುವವರು ಒಮ್ಮೆ ಹಂಪಿಯ ಹೇಮಕೂಟ ಹತ್ತಲಿ. ಅಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುವ ಕಲ್ಲಿನ ಶಿಖರಗಳ ತ್ರಿಕೂಟ ಗುಡಿಗಳಿವೆ. ಆಕಾರ ನೋಡಿ ಜೈನ ಬಸದಿಗಳೆಂದು ತೋರಿಸುವ ರೂಢಿ ಇಂದಿಗೂ ಇದೆ. ಆದರೆ ಅಲ್ಲಿಯ ಶಾಸನ ಬೇರೆಯದನ್ನೇ ಹೇಳುತ್ತದೆ. ಮುಮ್ಮಡಿ ಸಿಂಗೆಯ ನಾಯಕನ ಮಗ ವೀರ ಕಂಪಿಲದೇವ ಅಲ್ಲಿ ಶಿವಾಲಯ ಕಟ್ಟಿಸಿ, ತಂದೆ ತಾಯಿ ಮೊದಲಾದವರ ನೆನಪಿಗೆ ಮೂರು ಲಿಂಗಗಳನ್ನು ನಿಲ್ಲಿಸಿದ. ವಿಜಯನಗರದ ಹೆಸರು ಹುಟ್ಟುವುದಕ್ಕೂ ಮೊದಲು, ವಿರೂಪಾಕ್ಷನ ಎದುರಿನ ಬಂಡೆಯ ಮೇಲೆ ಕಲ್ಲಿನಲ್ಲಿ ತನ್ನ ಮನೆತನದ ಹೆಸರು ಬರೆಸಿದವನು ಕೊಳ್ಳೆಗಾರ ನಾಯಕನಲ್ಲ, ನೆಲೆಯೂರಿದ ಅರಸ.

ಆ ಅರಸೊತ್ತಿಗೆ ಹುಟ್ಟಿದ ಬಗೆಯನ್ನೂ ನೋಡಬೇಕು. ಸಿಂಗೆಯ ನಾಯಕ ದೇವಗಿರಿಯ ಸೇವುಣರಿಗೆ ನಡೆದುಕೊಂಡಿದ್ದವನು. ಸೇವುಣ, ಹೊಯ್ಸಳ ರಾಜ್ಯಗಳ ಗಡಿಯಲ್ಲಿ ಅವನ ಸೀಮೆ. ದೇವಗಿರಿ ಬಿದ್ದ ಮೇಲೆ ಆ ಗಡಿನಾಡಿಗೆ ಯಜಮಾನರಿಲ್ಲದಾಯಿತು. ಇಂದಿನ ಬಳ್ಳಾರಿ, ವಿಜಯನಗರ, ಕೊಪ್ಪಳ, ರಾಯಚೂರು ಜಿಲ್ಲೆಗಳ ಭಾಗಗಳನ್ನು ಕೂಡಿಸಿ, ಕಂಪ್ಲಿ, ಕುಮ್ಮಟ, ಹೊಸಮಲೆದುರ್ಗಗಳನ್ನು ಬಲಪಡಿಸಿಕೊಂಡು ಸಿಂಗೆಯ ನಾಯಕನ ಮಗ ಸ್ವತಂತ್ರನಾದ. ವೀರಬಲ್ಲಾಳನಂಥ ಅರಸನೇ ಮತ್ತೆ ಮತ್ತೆ ದಂಡೆತ್ತಿ ಬಂದು ಅವನೊಡನೆ ಕಾದಬೇಕಾಯಿತು. ಪಾಳೆಯಪಟ್ಟಿನ ಮೇಲೆ ಚಕ್ರವರ್ತಿಗಳು ಹಾಗೆ ಹೊತ್ತು ಕಳೆಯುವುದಿಲ್ಲ.

ಎರಡನೆಯ ಆಕ್ಷೇಪ: ಇದು ಹಿಂದೂ ಮುಸಲ್ಮಾನರ ನಡುವಿನ ಯುದ್ಧ, ನಿಷ್ಠೆ, ಆಶ್ರಯ ಎಂಬ ಮಾತುಗಳೆಲ್ಲ ಆಮೇಲೆ ಹಚ್ಚಿದ ಬಣ್ಣ.

ನಡೆದದ್ದನ್ನು ಸಾಲಾಗಿ ಇಡೋಣ. ಬಂಡೆದ್ದವನು ಮುಸಲ್ಮಾನ, ಅವನನ್ನು ಅಟ್ಟಿಬಂದವನು ಅವನ ಮಾವನ ಮಗ, ಅವನೂ ಮುಸಲ್ಮಾನ. ಮರೆ ಕೊಟ್ಟವನು ಶಿವಭಕ್ತ. ಹಿಡಿದುಕೊಟ್ಟ ಹೊಯ್ಸಳನೂ ಹಿಂದೂ ಅರಸನೇ. ಇನ್ನೂ ಮುಂದಿನದನ್ನು ಕೇಳಿ. ಗುರ್ಷಾಸ್ಪನ ಚರ್ಮ ಸುಲಿಸಿ, ಅದಕ್ಕೆ ಹುಲ್ಲು ತುಂಬಿಸಿ, ಬಂಗಾಳದ ಬಂಡುಕೋರ ಬಹಾದೂರನ ಚರ್ಮದ ಜೊತೆ ಸುಲ್ತಾನ ಊರೂರು ಮೆರೆಸಿದ. ಆ ಮೆರವಣಿಗೆ ಸಿಂಧ್ ತಲುಪಿದಾಗ ಅಲ್ಲಿಯ ಅಧಿಕಾರಿ ಕಿಶ್ಲೂ ಖಾನ್ ಅವನ್ನು ಮಣ್ಣು ಮಾಡಿಸಿದ. ಸುಲ್ತಾನನ ಸಿಟ್ಟಿಗೆ ಗುರಿಯಾಗಿ ತಾನೂ ಬಂಡಾಯಕ್ಕಿಳಿದು ಸತ್ತ. ಹೀಗೆಂದು ಬರೆದವನು ಮೊರಾಕ್ಕೊ ದೇಶದ ಯಾತ್ರಿಕ ಇಬ್ನ್ ಬತೂತ. ಬದುಕಿದ್ದ ಗುರ್ಷಾಸ್ಪನಿಗೆ ಕಂಪ್ಲಿಯ ರಾಯ ಮರೆ ಕೊಟ್ಟ, ಸತ್ತ ಗುರ್ಷಾಸ್ಪನಿಗೆ ಸಿಂಧಿನ ಖಾನ ಮಣ್ಣು ಕೊಟ್ಟ. ಇಬ್ಬರೂ ಅದಕ್ಕೆ ಪ್ರಾಣ ತೆತ್ತರು. ಈ ಕಥೆಯನ್ನು ಮತದ ಗೆರೆ ಎಳೆದು ಎರಡು ಪಾಲು ಮಾಡಲು ಬರುವುದಿಲ್ಲ.

ಹಾಗೆಂದು ಕಂಪಿಲರಾಯನನ್ನು ಇಂದಿನ ಸೌಹಾರ್ದ ಸಭೆಯ ಅತಿಥಿಯನ್ನಾಗಿ ಕೂರಿಸುವುದೂ ಸಲ್ಲದು. ಅವನ ಕೋಟೆ ಬಿದ್ದ ಮೇಲೆ ಸೆರೆಸಿಕ್ಕವರ ಮತಾಂತರ ಆಯಿತು, ಅದು ನಿಜ. ಸಾವಿಗೆ ಹೊರಟವರು ತಮ್ಮ ದೇವರನ್ನು ನೆನೆದೇ ಹೊರಟಿರಬೇಕು. ಮತ ಆ ಕಾಲದ ಬದುಕಿನಲ್ಲಿ ಹಾಸುಹೊಕ್ಕಾಗಿತ್ತು. ಆದರೆ ಯುದ್ಧದ ಕಾರಣ ಅದಾಗಿರಲಿಲ್ಲ. ಗದ್ದುಗೆ ಯಾರದು ಎಂಬ ತುಘಲಕ್ ಮನೆತನದ ಜಗಳ ಗಡಿ ದಾಟಿ ನಮ್ಮ ನದಿಯವರೆಗೆ ಹರಿದುಬಂದದ್ದು ಕಾರಣ.

ಮೂರನೆಯ ಆಕ್ಷೇಪ: ಪರರ ಮನೆಯ ಜಗಳದಲ್ಲಿ ಕೈ ಹಾಕಿದ್ದೇ ತಪ್ಪು. ಸುಮ್ಮನಿದ್ದರೆ, ಇಲ್ಲವೇ ಆ ಒಬ್ಬನನ್ನು ಕೊಟ್ಟುಬಿಟ್ಟಿದ್ದರೆ ರಾಜ್ಯ ಉಳಿಯುತ್ತಿತ್ತು.

ಅತಿ ಹೆಚ್ಚು ಜನ ನಂಬುವ ಆಕ್ಷೇಪ ಇದು. ಇದರ ಹಿಂದೆ ಒಂದು ಎಣಿಕೆ ಇದೆ: ದಿಲ್ಲಿಗೆ ಬೇಕಾದ್ದು ಗುರ್ಷಾಸ್ಪ್ ಮಾತ್ರ, ಕಂಪಿಲಿ ಬೇಕಿರಲಿಲ್ಲ. ಆ ಎಣಿಕೆ ಸರಿಯೇ ಎಂದು ತಿಳಿಯಲು ಹಿಂದಿನ ಮೂವತ್ತು ವರ್ಷಗಳ ಲೆಕ್ಕ ತೆಗೆದರೆ ಸಾಕು.

ದೇವಗಿರಿಯಿಂದ ಶುರು ಮಾಡೋಣ. 1296ರಲ್ಲಿ ಅಲ್ಲಾವುದ್ದೀನ್ ಖಿಲ್ಜಿ ಬಂದಾಗ ಅಲ್ಲಿಯ ಅರಸ ರಾಮಚಂದ್ರ ಕಪ್ಪ ಕೊಟ್ಟ. ಕಪ್ಪ ನಿಂತಾಗ, 1307ರಲ್ಲಿ, ದಿಲ್ಲಿಯ ಸೇನಾಪತಿ ಮಲಿಕ್ ಕಾಫರ್ ಬಂದು ಅವನನ್ನು ದಿಲ್ಲಿಗೆ ಒಯ್ದ. ಅಲ್ಲಿ ಬಿರುದು ಪಡೆದು ಮರಳಿದ ಆ ಅರಸ ಸಾಯುವತನಕ ನಿಷ್ಠನಾಗಿಯೇ ಇದ್ದ. ಕಾಫರ್ ಓರಂಗಲ್ಲಿಗೂ ದ್ವಾರಸಮುದ್ರಕ್ಕೂ ಹೊರಟಾಗ ದಾರಿಯ ಅನುಕೂಲ, ಸಾಮಗ್ರಿ ಒದಗಿಸಿದವನೂ ಅವನೇ. ಆ ನಿಷ್ಠೆಯಿಂದ ಬಂದ ಫಲವೇನು? ಅವನ ಮಗ ತಿರುಗಿಬಿದ್ದಾಗ ದಿಲ್ಲಿ ಅವನನ್ನು ಕೊಂದು ರಾಜ್ಯವನ್ನು ನುಂಗಿತು. ಅಳಿಯ ಹರಪಾಲದೇವನ ಚರ್ಮ ಸುಲಿಸಿತು. 1318ರ ಹೊತ್ತಿಗೆ ಸೇವುಣರ ಹೆಸರೇ ಅಳಿಯಿತು.

ಓರಂಗಲ್ಲಿನದೂ ಅದೇ ಕಥೆ. ಪ್ರತಾಪರುದ್ರ 1310ರಲ್ಲಿ ಆನೆ, ಕುದುರೆ, ಹೊನ್ನು ಕೊಟ್ಟು ಶರಣಾದ. 1318ರಲ್ಲಿ ಮತ್ತೆ ಕೊಟ್ಟ. ಆದರೂ 1323ರಲ್ಲಿ ಕೋಟೆ ಬಿತ್ತು. ಅವನು ಸೆರೆಯಾಗಿ ದಿಲ್ಲಿಯ ದಾರಿಯಲ್ಲೇ ಸತ್ತ. ಅಂದು ಆ ಕೋಟೆ ಹಿಡಿದ ರಾಜಕುಮಾರನೇ ನಾಲ್ಕು ವರ್ಷಗಳ ಮೇಲೆ ಕಂಪಿಲಿಯ ಮೇಲೆ ಸೇನೆ ಕಳಿಸಿದ ಮಹಮ್ಮದ್ ಬಿನ್ ತುಘಲಕ್.

ಹೀಗೆ ಬಡಗಣಕ್ಕೆ ದೇವಗಿರಿ, ಮೂಡಣಕ್ಕೆ ಓರಂಗಲ್ಲು ಎರಡೂ ದಿಲ್ಲಿಯ ಪ್ರಾಂತಗಳಾಗಿದ್ದವು. ಕೃಷ್ಣೆ ತುಂಗಭದ್ರೆಗಳ ನಡುವೆ ದಿಲ್ಲಿಗೆ ಬಾಗದೆ ಉಳಿದಿದ್ದ ಬಲವಾದ ನೆಲೆ ಕಂಪಿಲಿ. ಸಾಮ್ರಾಜ್ಯದ ಗಡಿಯನ್ನು ದಕ್ಷಿಣಕ್ಕೆ ತಳ್ಳಲೇಬೇಕೆಂದಿದ್ದ ಸುಲ್ತಾನ ಅದನ್ನು ಬಿಟ್ಟು ಮುಂದೆ ಹೋಗುತ್ತಿದ್ದನೆಂದು ನಂಬಲು ನನಗೆ ಒಂದು ಆಧಾರವೂ ಕಾಣುವುದಿಲ್ಲ. ಗುರ್ಷಾಸ್ಪ್ ದಿಲ್ಲಿಗೆ ನೆಪವಾದ. ಕಾರಣ ಮೊದಲೇ ಇತ್ತು.

ಕಂಪಿಲನ ಕಡೆಯಿಂದಲೂ ನೋಡಿ. ಸಗರ ಅವನಿಗೂ ದಿಲ್ಲಿಯ ದಖ್ಖನ್ ಠಾಣ್ಯಗಳಿಗೂ ನಡುವೆ ಇದ್ದ ಸ್ಥಳ. ಅಲ್ಲಿಯ ಅಧಿಕಾರಿಯೊಡನೆ ಅವನಿಗೆ ಮೊದಲಿನಿಂದ ಸ್ನೇಹವಿತ್ತು. ನೆರೆಯ ಠಾಣ್ಯದಲ್ಲಿ ಗೆಳೆಯನಿದ್ದರೆ ಗಡಿ ನೆಮ್ಮದಿಯಾಗಿರುತ್ತದೆ. ದಿಲ್ಲಿಯ ಮನೆ ಎರಡಾದರೆ ಗಡಿಗೆ ಉಸಿರಾಡಲು ಸಮಯ ಸಿಗುತ್ತದೆ. ಬಂಡಾಯ ಗೆದ್ದಿದ್ದರೆ ಕಂಪಿಲಿಗೂ ದಿಲ್ಲಿಗೂ ನಡುವೆ ಮಿತ್ರನ ರಾಜ್ಯವೊಂದು ನಿಲ್ಲುತ್ತಿತ್ತು. ಆ ಲೆಕ್ಕಾಚಾರ ಫಲಿಸಲಿಲ್ಲ. ಫಲಿಸದ ಲೆಕ್ಕವೆಲ್ಲ ಮೂರ್ಖತನವಾಗುವುದಿಲ್ಲ.

ನಾಲ್ಕನೆಯ ಆಕ್ಷೇಪ: ಹಾಗಾದರೆ ವೀರಬಲ್ಲಾಳನನ್ನು ನೋಡಿ. ಅದೇ ಒತ್ತಡ, ಅದೇ ಅತಿಥಿ. ಅವನು ಒಪ್ಪಿಸಿ ರಾಜ್ಯ ಉಳಿಸಿಕೊಂಡ. ಜಾಣತನವೆಂದರೆ ಅದು.

ಬಲ್ಲಾಳನನ್ನು ಹೇಡಿ ಎನ್ನುವವನು ನಾನಲ್ಲ. 1311ರಲ್ಲಿ ಕಾಫರನ ಸೇನೆ ದ್ವಾರಸಮುದ್ರದ ಬಾಗಿಲಿಗೆ ಬಂದಾಗ ಅವನು ಆನೆ, ಭಂಡಾರ ಕೊಟ್ಟು ಊರು ಉಳಿಸಿದವನು. ಆ ಹೊಡೆತ ಉಂಡವನಿಗೆ ದಿಲ್ಲಿಯ ಬಲವೆಷ್ಟೆಂದು ಚೆನ್ನಾಗಿ ಗೊತ್ತಿತ್ತು. ಇಳಿವಯಸ್ಸಿನಲ್ಲೂ ಕುದುರೆ ಏರಿ ತಮಿಳುನಾಡಿನ ತುದಿಯವರೆಗೆ ಕಾದಾಡಿದ ಗಟ್ಟಿ ಮನುಷ್ಯ. ಕಂಪಿಲ ಅವನ ಹಳೆಯ ಹಗೆ. ಹಗೆಯ ಅತಿಥಿಯನ್ನು ಕಾಯುವ ಹೊಣೆ ತನಗೇಕೆಂದು ಅವನು ಎಣಿಸಿದ್ದರೆ ಅದೂ ಅರ್ಥವಾಗುವ ಮಾತೇ.

ಆದರೆ ಒಪ್ಪಿಸಿದ್ದರಿಂದ ಅವನು ಗಳಿಸಿದ್ದೇನು ಎಂಬುದನ್ನು ಕೊನೆಯತನಕ ನೋಡಬೇಕು. ಸುಮಾರು ಹದಿನೈದು ವರ್ಷ. 1342ರ ಸುಮಾರಿಗೆ ಮಧುರೆಯ ಸುಲ್ತಾನನೊಡನೆ ನಡೆದ ಯುದ್ಧದಲ್ಲಿ ಬಲ್ಲಾಳ ಸೆರೆಸಿಕ್ಕ. ಬಿಡುಗಡೆಯ ಆಸೆ ತೋರಿಸಿ ಅವನ ಐಶ್ವರ್ಯವನ್ನೆಲ್ಲ ಸುಲಿದುಕೊಂಡು, ಆಮೇಲೆ ಕೊಂದು, ಚರ್ಮ ಸುಲಿದು, ಹುಲ್ಲು ತುಂಬಿ ಮಧುರೆಯ ಕೋಟೆಗೋಡೆಗೆ ತೂಗುಹಾಕಿದರು. ಅದನ್ನು ಕಣ್ಣಾರೆ ಕಂಡೆನೆಂದು ಅದೇ ಇಬ್ನ್ ಬತೂತ ಬರೆದಿದ್ದಾನೆ. ದಿಲ್ಲಿಗೆ ಬಾಗಿದ್ದ ಬಲ್ಲಾಳನಿಗೆ ದಿಲ್ಲಿಯಿಂದಲೇ ಒಡೆದು ಹುಟ್ಟಿದ ಸುಲ್ತಾನಿಕೆಯೊಂದರ ಕೈಯಲ್ಲಿ ಬಂದ ಸಾವು ಅದು. 1346ರ ಹೊತ್ತಿಗೆ ಹೊಯ್ಸಳ ಸಿಂಹಾಸನವೂ ಇಲ್ಲವಾಯಿತು.

ಅತಿಥಿಯನ್ನು ಒಪ್ಪಿಸಿದ ಪಾಪಕ್ಕೆ ಬಂದ ಶಿಕ್ಷೆ ಇದು ಎಂದು ನಾನು ಹೇಳುತ್ತಿಲ್ಲ; ಚರಿತ್ರೆ ಹಾಗೆ ತೀರ್ಪು ಕೊಡುವುದಿಲ್ಲ. ನಾನು ಹೇಳುವುದು ಇಷ್ಟೇ: ಒಪ್ಪಿಸಿದರೆ ಉಳಿಯುತ್ತೇವೆ ಎನ್ನುವುದಕ್ಕೆ ಬಲ್ಲಾಳನನ್ನು ಸಾಕ್ಷಿಯಾಗಿ ನಿಲ್ಲಿಸಬೇಡಿ. ಅವನ ಬಾಳಿನ ಕೊನೆ ನಿಮ್ಮ ವಾದಕ್ಕೆ ಎದುರು ಸಾಕ್ಷಿ ನುಡಿಯುತ್ತದೆ.

ಇನ್ನೊಂದು ಮಾತನ್ನು ಇಲ್ಲೇ ಹೇಳಬೇಕು. ಕಂಪಿಲ ಗುರ್ಷಾಸ್ಪನನ್ನು ಕಳಿಸಿದ್ದು ಮಿತ್ರನ ಬಳಿಗಲ್ಲ, ಹಗೆಯ ಬಳಿಗೆ. ಹಗೆಯಾದರೂ ಮರೆಹೊಕ್ಕವನನ್ನು ಕಾಯುತ್ತಾನೆ ಎಂಬ ನಂಬಿಕೆ ಅವನಿಗಿತ್ತು. ಆ ನಂಬಿಕೆ ಗಾಳಿಯಲ್ಲಿ ಹುಟ್ಟಿದ್ದಲ್ಲ. ಶರಣಾಗತ ವಜ್ರಪಂಜರ ಎಂಬ ಬಿರುದು ಕನ್ನಡನಾಡಿನ ಶಾಸನಗಳಲ್ಲಿ ಅರಸರಿಗೂ ಸಾಮಂತರಿಗೂ ಮತ್ತೆ ಮತ್ತೆ ಬರುತ್ತದೆ. ಎಲ್ಲರೂ ಬಯಸಿ ಬರೆಸಿಕೊಂಡ ಆ ಬಿರುದನ್ನು ಕಂಪಿಲ ನಡೆಸಿ ತೋರಿಸಿದ.

ಐದನೆಯ ಆಕ್ಷೇಪ: ಅರಸನ ಮಾನಕ್ಕಾಗಿ ಜನ ಸತ್ತರು. ಬೆಂಕಿಗೆ ಬಿದ್ದ ಹೆಂಗಸರನ್ನು ಯಾರು ಕೇಳಿದರು?

ಎಲ್ಲ ಆಕ್ಷೇಪಗಳಲ್ಲಿ ತೂಕದ್ದು ಇದೇ. ಇದನ್ನು ವೀರರಸದ ಮಾತಿನಿಂದ ಮುಚ್ಚಿಹಾಕುವವರ ಜೊತೆ ನಾನು ನಿಲ್ಲುವುದಿಲ್ಲ. ಆ ಬೆಂಕಿಯ ಬಗ್ಗೆ ನಮಗೆ ತಿಳಿದಿರುವುದೆಲ್ಲ ಗಂಡಸರು ಬರೆದದ್ದು. ಅರಮನೆಯ ಹೆಂಗಸರು, ಮಂತ್ರಿ ಸರದಾರರ ಹೆಂಡಂದಿರು ಮಿಂದು, ಗಂಧ ಲೇಪಿಸಿಕೊಂಡು, ರಾಯನ ಮುಂದೆ ನೆಲ ಮುಟ್ಟಿ ನಮಸ್ಕರಿಸಿ ಬೆಂಕಿಗೆ ಹಾರಿದರೆಂದು ಇಬ್ನ್ ಬತೂತ ಹೇಳುತ್ತಾನೆ. ಅವನು ಅಲ್ಲಿರಲಿಲ್ಲ, ಕೇಳಿ ಬರೆದ. ಅವರಲ್ಲಿ ಎಷ್ಟು ಜನಕ್ಕೆ ಬದುಕುವ ಆಸೆ ಇತ್ತೋ, ಅದನ್ನು ಬಾಯಿಬಿಟ್ಟು ಹೇಳುವ ಅವಕಾಶ ಯಾರಿಗಿತ್ತೋ, ಆ ಮಾತು ಯಾವ ಹೊತ್ತಗೆಯಲ್ಲೂ ಇಲ್ಲ. ಆ ಚಿತೆಗೆ ಕೈ ಮುಗಿದು ಮೆರೆಸುವುದು ನನ್ನಿಂದಾಗದು. ಅದು ಹೆಮ್ಮೆಪಡುವ ಸಂಗತಿಯಲ್ಲ, ನೋವಿನ ಸಂಗತಿ.

ಆದರೆ ಎರಡು ತೀರ್ಮಾನಗಳನ್ನು ಒಂದೇ ಗಂಟಿನಲ್ಲಿ ಕಟ್ಟಬಾರದು. ಮರೆಹೊಕ್ಕವನನ್ನು ಕಾಯುವುದು ಒಂದು ತೀರ್ಮಾನ. ಸೋತಾಗ ಹೆಂಗಸರನ್ನು ಬೆಂಕಿಗೆ ಕಳಿಸುವುದು ಬೇರೆಯದೇ ತೀರ್ಮಾನ. ಎರಡನೆಯದು ಆ ಕಾಲದ ರಾಜಮನೆತನಗಳ ಕ್ರೂರ ರೂಢಿ. ಯಾವ ಕಾರಣಕ್ಕೆ ಸೋತರೂ ಅದು ನಡೆಯುತ್ತಿತ್ತು. ಅದನ್ನು ಖಂಡಿಸಿ, ನಾನೂ ನಿಮ್ಮ ದನಿಗೆ ದನಿ ಕೂಡಿಸುತ್ತೇನೆ. ಅದನ್ನೇ ಮುಂದೆ ಮಾಡಿ ಮೊದಲನೆಯದನ್ನು ಅಲ್ಲಗಳೆಯಬೇಡಿ.

ಇನ್ನೂ ಒಂದು ಸಂಗತಿ ಇದೆ. ಕೊನೆಯ ದಿನ ಗುರ್ಷಾಸ್ಪ್ ಕೋಟೆಯಲ್ಲಿ ಇರಲೇ ಇಲ್ಲ. ಅವನನ್ನು ಸಾಗಹಾಕಿದ ಮೇಲೆ ರಾಯ ಬಾಗಿಲು ತೆರೆದದ್ದು. ಅತಿಥಿ ಹೊರಟುಹೋದದ್ದು ಮುತ್ತಿಗೆ ಹಾಕಿದವರಿಗೆ ತಿಳಿದಿರಲಿಲ್ಲ ಎನ್ನಬಹುದು. ಒಪ್ಪೋಣ. ಆದರೆ ಬಲ್ಲಾಳ ಅವನನ್ನು ಕೈಗೆ ಕೊಟ್ಟ ಮೇಲೆ? ದಿಲ್ಲಿಗೆ ಬೇಕಾದವನು ಸಿಕ್ಕ ಮೇಲೆ ಸೇನೆ ಕಂಪಿಲಿಯನ್ನು ಬಿಟ್ಟು ಹೋಯಿತೇ? ಇಲ್ಲ. ಕಂಪಿಲಿ ದಿಲ್ಲಿಯ ಪ್ರಾಂತವಾಯಿತು. ಅತಿಥಿಯೊಬ್ಬನಿಗಾಗಿ ಜನ ಸತ್ತರು ಎನ್ನುವ ಲೆಕ್ಕ ಇಲ್ಲಿ ತಾಳೆಯಾಗುವುದಿಲ್ಲ. ಜನ ಸತ್ತದ್ದು ದಿಲ್ಲಿಗೆ ಈ ನೆಲ ಬೇಕಾಗಿದ್ದರಿಂದ.

ಆರನೆಯ ಆಕ್ಷೇಪ: ರಾಯನ ಮಕ್ಕಳೇ ಮತ ಬದಲಿಸಿ ಸುಲ್ತಾನನ ಓಲಗ ಸೇರಿದರು. ಅಪ್ಪನ ನಿಷ್ಠೆ ಮಕ್ಕಳಲ್ಲೇ ಉಳಿಯದಿದ್ದಾಗ ಅದರ ಬೆಲೆ ಏನು?

ಸಂಗತಿ ನಿಜ. ಹನ್ನೊಂದು ಮಂದಿ ಮಕ್ಕಳು ಸೆರೆಯಾದರೆಂದೂ, ಮುಸಲ್ಮಾನರಾದ ಅವರನ್ನು ಸುಲ್ತಾನ ಅಮೀರರನ್ನಾಗಿ ಮಾಡಿ ತಂದೆಯ ನಡತೆಗಾಗಿ ಗೌರವದಿಂದ ಇರಿಸಿಕೊಂಡನೆಂದೂ ಇಬ್ನ್ ಬತೂತ ಬರೆಯುತ್ತಾನೆ. ಅವರಲ್ಲಿ ನಸ್ರ್, ಬಖ್ತಿಯಾರ್, ಅಬೂ ಮುಸ್ಲಿಂ ಎಂಬ ಮೂವರನ್ನು ಅವನು ದಿಲ್ಲಿಯಲ್ಲಿ ಕಂಡ. ಅಬೂ ಮುಸ್ಲಿಮನದು ಸುಲ್ತಾನ ಕುಡಿಯುವ ನೀರಿಗೆ ಮುದ್ರೆ ಹಾಕಿ ಕಾಯುವ ಕೆಲಸ. ಅವನು ಇಬ್ನ್ ಬತೂತನಿಗೆ ಗೆಳೆಯನೂ ಆದ.

ಈ ಸಂಗತಿಯಿಂದ ಆಕ್ಷೇಪಕರು ಒಂದು ಅರ್ಥ ತೆಗೆದರೆ ನಾನು ಬೇರೆ ಅರ್ಥ ತೆಗೆಯುತ್ತೇನೆ. ಪರರಿಗಾಗಿ ಪ್ರಾಣ ಕೊಟ್ಟವನ ಮಗನನ್ನು ಸುಲ್ತಾನ ತನ್ನ ಕುಡಿಯುವ ನೀರಿನ ಕಾವಲಿಗೆ ಇರಿಸಿದ. ವಿಷದ ಭಯ ಸದಾ ಕಾಡುವ ಅರಮನೆಯಲ್ಲಿ ಅಂಥ ಕೆಲಸ ಕೊಡುವುದು ನಂಬಿಕೆಗೆ ಅರ್ಹನಾದವನಿಗೆ ಮಾತ್ರ. ಕಂಪಿಲರಾಯನ ನಡತೆಗೆ ಹಗೆಯಿಂದಲೇ ಬಂದ ಪ್ರಶಂಸೆ ಇದು. ಇನ್ನು ಆ ಮಕ್ಕಳ ವಿಷಯ. ತಾಯಿಯನ್ನು ಬೆಂಕಿಯಲ್ಲಿ, ತಂದೆಯನ್ನು ಕತ್ತಿಯಲ್ಲಿ ಕಳೆದುಕೊಂಡು, ಸಾವಿರ ಮೈಲಿಯಾಚೆ ಒಯ್ಯಲ್ಪಟ್ಟ ಸೆರೆಯಾಳುಗಳು ಅವರು. ಬದುಕಬೇಕೆಂದು ಅವರು ಮಾಡಿದ್ದನ್ನು ದ್ರೋಹ ಎನ್ನುವ ಹಕ್ಕು ನಮಗಿಲ್ಲ. ದೊಡ್ಡವರ ಯುದ್ಧದ ನಡುವೆ ಸಿಕ್ಕಿದ ಗಡಿನಾಡಿನ ಮನೆಗಳಲ್ಲಿ ಒಬ್ಬ ಆ ಕಡೆ, ಒಬ್ಬ ಈ ಕಡೆ ಆಗುವುದು ಎಲ್ಲ ಕಾಲದಲ್ಲೂ ನಡೆದಿದೆ. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧದಲ್ಲಿ ಕೆಂಟಕಿ, ಮಿಸೌರಿಯಂಥ ಗಡಿರಾಜ್ಯಗಳ ಅಣ್ಣತಮ್ಮಂದಿರೇ ಎದುರುಬದುರಾಗಿ ನಿಂತರು. ಕಂಪಿಲನ ಮನೆ ಅದಕ್ಕಿಂತ ಘೋರವಾದ ಒತ್ತಡದಲ್ಲಿ ಒಡೆಯಿತು.

ಏಳನೆಯ ಆಕ್ಷೇಪ: ಕುಮಾರರಾಮನ ಕಥೆಯೆಲ್ಲ ಕಟ್ಟುಕಥೆ. ಅದರ ಮೇಲೆ ಚರಿತ್ರೆ ಕಟ್ಟಬೇಡಿ.

ಕಂಪಿಲನ ಮಗ ಕುಮಾರರಾಮನ ಕಥೆಯಲ್ಲಿ ಕವಿಗಳು ಸೇರಿಸಿದ್ದು ಬಹಳ ಇದೆ ಎಂಬುದನ್ನು ಒಪ್ಪುತ್ತೇನೆ. ಮಲತಾಯಿ ರತ್ನಾಜಿ ಅವನನ್ನು ಮೋಹಿಸಿ, ಅವನು ಒಪ್ಪದಿದ್ದಾಗ ದೂರು ಹೇಳಿದ್ದು, ರಾಯ ಮಗನ ತಲೆ ತೆಗೆಯಲು ಹೇಳಿದ್ದು, ಮಂತ್ರಿ ಬೈಚಪ್ಪ ಅವನನ್ನು ಬಚ್ಚಿಟ್ಟು ಕಾಪಾಡಿದ್ದು, ದಿಲ್ಲಿಯಿಂದ ಮಾತಂಗಿ ಎಂಬ ಹೆಂಗಸು ದಂಡು ತಂದದ್ದು ಇವು ಪಾರಸಿ ಬರಹಗಳಲ್ಲಿ ಇಲ್ಲ. ಮಲತಾಯಿಯ ಪ್ರಸಂಗದಂಥದ್ದು ಲೋಕದ ಎಷ್ಟೋ ಕಥೆಗಳಲ್ಲಿ ಬರುತ್ತದೆ. ಹದಿನಾರನೆಯ ಶತಮಾನದ ನಂಜುಂಡ ಕವಿ ಸಾಂಗತ್ಯ ಬರೆಯುವ ಹೊತ್ತಿಗೆ ಯುದ್ಧ ಮುಗಿದು ಇನ್ನೂರು ವರ್ಷ ಆಗಿತ್ತು.

ಆದರೆ ನನ್ನ ವಾದ ನಿಂತಿರುವುದು ಆ ಕಥೆಯ ಮೇಲಲ್ಲ. 1350ರಲ್ಲಿ ಬಹಮನಿ ಆಸ್ಥಾನದಲ್ಲಿ ಬರೆದ ಇಸಾಮಿ, ತನ್ನ ಯಾತ್ರೆ ಮುಗಿಸಿ ಮೊರಾಕ್ಕೊದಲ್ಲಿ ಬರೆಸಿದ ಇಬ್ನ್ ಬತೂತ ಇಬ್ಬರಿಗೂ ಪರಸ್ಪರ ಗೊತ್ತಿರಲಿಲ್ಲ. ಇಸಾಮಿಗೆ ತುಘಲಕನ ಮೇಲೆ ಸಿಟ್ಟಿತ್ತು. ಅವನ ಮಾತನ್ನು ಆ ಎಚ್ಚರದಿಂದ ಓದಬೇಕು. ಹಾಗಿದ್ದರೂ ಮುಖ್ಯ ಸಂಗತಿಯಲ್ಲಿ ಇಬ್ಬರೂ ಒಂದಾಗುತ್ತಾರೆ: ಬಂಡಾಯಗಾರ ಬಂದ, ರಾಯ ಮರೆ ಕೊಟ್ಟ, ಒಪ್ಪಿಸಲಿಲ್ಲ, ಸತ್ತ. ಇಬ್ಬರೂ ಕಂಪಿಲನ ಮತದವರಲ್ಲ, ನಾಡಿನವರಲ್ಲ. ಅವನನ್ನು ಮೆಚ್ಚಿಸಿ ಪಡೆಯಬೇಕಾದ್ದೂ ಅವರಿಗೆ ಏನೂ ಇರಲಿಲ್ಲ. ಅವರ ಸಾಕ್ಷಿ ಸಾಲದೇ?

ಕನ್ನಡದ ಸಾಂಗತ್ಯಗಳು ಹೇಳುವುದು ಬೇರೊಂದನ್ನು. ಸೋತ ರಾಜಕುಮಾರನೊಬ್ಬನನ್ನು ಈ ನಾಡು ಮರೆಯಲಿಲ್ಲ. ಗಂಗಾವತಿ ಕಡೆಯ ಕುಮ್ಮಟದುರ್ಗದಲ್ಲಿ ಅವನ ಗುಡಿ ಇದೆ. ಸಂಡೂರು ಬೆಟ್ಟಗಳ ಜನ ರಾಮನಮಲೆಯ ಹೆಸರನ್ನು ಅವನಿಗೇ ಜೋಡಿಸುತ್ತಾರೆ. ಮಲೆನಾಡಿನ ಊರುಗಳಲ್ಲಿ ಅವನ ಮರದ ಮುಖಗಳನ್ನಿಟ್ಟು ಪೂಜಿಸುವ ರೂಢಿ ಉಂಟು. ಗೆದ್ದವರ ಹೆಸರನ್ನು ಶಾಸನ ಉಳಿಸುತ್ತದೆ. ಸೋತವರ ಹೆಸರು ಉಳಿಯಬೇಕಾದರೆ ಜನರೇ ಮನಸ್ಸು ಮಾಡಬೇಕು. ಏಳುನೂರು ವರ್ಷ ಜನ ಮನಸ್ಸು ಮಾಡಿದ್ದಾರೆ. ಅವರನ್ನು ಮೂಢರೆನ್ನುವ ಮೊದಲು ಅವರು ಯಾವ ಗುಣಕ್ಕೆ ಮಾರುಹೋದರೆಂದು ಕೇಳಬೇಕು.

ಕೊನೆಯ ಆಕ್ಷೇಪ: ಏನೇ ಆಗಲಿ, ಅದು ವ್ಯರ್ಥವಾದ ಸಾವು. ವಿಜಯನಗರ ಕಟ್ಟಿದವರು ಬೇರೆ.

ಸಂಗಮನ ಮಕ್ಕಳು ಹರಿಹರ ಬುಕ್ಕರು ಕಂಪಿಲಿಯ ಓಲಗದಿಂದ ಬಂದವರೋ ಹೊಯ್ಸಳರ ಕಡೆಯವರೋ ಎಂಬ ಚರ್ಚೆ ವಿದ್ವಾಂಸರಲ್ಲಿ ನೂರ್ಕಾಲದಿಂದ ನಡೆದಿದೆ. ಎನ್. ವೆಂಕಟರಮಣಯ್ಯನವರು ಕಂಪಿಲಿಯ ಕಡೆ ನಿಂತರು, ಬಿ.ಎ. ಸಾಲೆತ್ತೂರರಂಥವರು ಹೊಯ್ಸಳರ ಕಡೆ ನಿಂತರು. ಆ ಚರ್ಚೆಯ ತೀರ್ಪು ನನ್ನ ವಾದಕ್ಕೆ ಬೇಕಿಲ್ಲ. ಹೊಸ ರಾಜ್ಯ ತಲೆ ಎತ್ತಿದ್ದು ಕಂಪಿಲ ಆಳಿದ ನೆಲದಲ್ಲಿ, ಅವನು ಗುಡಿ ಕಟ್ಟಿಸಿದ ಬೆಟ್ಟದ ಬುಡದಲ್ಲಿ, ಅವನು ಕಾದಾಡಿದ ಆನೆಗೊಂದಿಯ ಸೀಮೆಯಲ್ಲಿ. ಅದು ನಡೆದದ್ದು ಅವನು ಸತ್ತು ಹತ್ತು ಹದಿನೈದು ವರ್ಷಗಳ ಒಳಗೆ. ಆ ಕಾಳಗ ಕಂಡವರು, ಅದರಲ್ಲಿ ಮನೆಯವರನ್ನು ಕಳೆದುಕೊಂಡವರು ಆಗ ಇನ್ನೂ ಬದುಕಿದ್ದರು. ದಿಲ್ಲಿಯ ಪ್ರಾಂತ ಇಲ್ಲಿ ಬೇರೂರಲಿಲ್ಲ ಎಂಬುದಷ್ಟೇ ನನಗೆ ಸಾಕು.

ಎಲ್ಲ ಆಕ್ಷೇಪಗಳ ಅಡಿಯಲ್ಲಿ ಒಂದೇ ನಂಬಿಕೆ ಇದೆ: ಗಡಿಯಲ್ಲಿ ಬದುಕುವವರಿಗೆ ಸ್ವಂತ ನೀತಿ ಇರಲಾರದು, ಬಲ್ಲಿದನ ಕಡೆ ವಾಲುವುದೇ ಅವರ ನೀತಿ. ನಮ್ಮ ಸೀಮೆಯ ಚರಿತ್ರೆ ಹಾಗೆ ಹೇಳುವುದಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಚೋಳರು ಬಂದು ಕಂಪ್ಲಿಯಲ್ಲಿದ್ದ ಚಾಲುಕ್ಯರ ಅರಮನೆಯನ್ನು ಹಾಳುಗೆಡವಿದರು. ಅಂದಿನಿಂದ ಈ ನದಿಯ ದಡ ಒಂದಲ್ಲ ಒಂದು ರಾಜ್ಯದ ಗಡಿಯಾಗಿಯೇ ಇತ್ತು. 1948ರಲ್ಲಿ ತುಂಗಭದ್ರೆಯ ಆಚೆ ನಿಜಾಮನ ಸಂಸ್ಥಾನ, ಈಚೆ ಮದ್ರಾಸ್ ಪ್ರಾಂತ. ರಜಾಕಾರರ ಕಾಟ ತಾಳದೆ ನದಿ ದಾಟಿ ಬಂದವರಿಗೆ ಈಚೆ ದಡದವರು ಅನ್ನ ಹಾಕಿ ನೆರಳು ಕೊಟ್ಟರು. ಸೆಪ್ಟೆಂಬರ್ 17ರಂದು ಹೈದರಾಬಾದ್ ಶರಣಾಗುವ ತನಕ ಕಾದರು. ಆಗ ಯಾರೂ ಇದು ನಮ್ಮ ಜಗಳವಲ್ಲ ಎಂದು ಬಾಗಿಲು ಹಾಕಿಕೊಳ್ಳಲಿಲ್ಲ. ಬಂದವನ ಮತ ಕೇಳದೆ ಮರೆ ಕೊಡುವುದು, ಕೊಟ್ಟ ಮೇಲೆ ಹಿಂದೆಗೆಯದಿರುವುದು ಈ ದಡದ ಹಳೆಯ ಧರ್ಮ.

ನನ್ನ ತೀರ್ಮಾನ ಇದು. ದೇವಗಿರಿ ತಲೆಬಾಗಿತು, ಓರಂಗಲ್ಲು ಕಪ್ಪ ಕೊಟ್ಟಿತು, ದ್ವಾರಸಮುದ್ರ ಅತಿಥಿಯನ್ನೇ ಒಪ್ಪಿಸಿತು. ಮೂರೂ ಉಳಿಯಲಿಲ್ಲ. ಕಂಪಿಲಿಯೂ ಉಳಿಯಲಿಲ್ಲ, ಆದರೆ ಕೊಟ್ಟ ಮಾತು ಮುರಿಯದೆ ಹೋಯಿತು. ಹೊಸಪೇಟೆ, ಕಂಪ್ಲಿ, ಸಂಡೂರು, ಗಂಗಾವತಿಯ ಶಾಲೆಗಳ ಮೇಷ್ಟ್ರುಗಳಲ್ಲಿ, ಹಂಪಿ ತೋರಿಸುವ ಗೈಡುಗಳಲ್ಲಿ ನನ್ನದೊಂದು ವಿನಂತಿ: ಕಂಪಿಲರಾಯನನ್ನು ಅವಿವೇಕಿ ಎಂದೋ ಮತವೀರ ಎಂದೋ ಹೇಳಿ ಮುಗಿಸಬೇಡಿ. ಬಂದವನು ಯಾರು, ಅಟ್ಟಿಬಂದವನು ಯಾರು, ಕಾದವನು ಯಾರು, ಒಪ್ಪಿಸಿದವನು ಯಾರು ಎಂಬ ನಾಲ್ಕೂ ಹೆಸರನ್ನು ಮಕ್ಕಳಿಗೆ ಹೇಳಿ. ತೀರ್ಪನ್ನು ಅವರೇ ಕೊಡುತ್ತಾರೆ.